ಸೀಸೆಯ ತಳದ ನೀರು

ಮಾರ್ಚ್ ಹದಿನಾಲ್ಕು, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಮಗಳು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ, ಸತ್ತ ಅಪ್ಪನ ಉಗುರುಸಂದಿಯ ಗ್ರೀಸನ್ನು ಉಜ್ಜುತ್ತಿದ್ದಳು. ವಿಮಾನದ ಮೆಕ್ಯಾನಿಕ್ ಕೆಲಸ ಹೋದ ಮೇಲೆ ಆರು ವರ್ಷ ನೀರಿನ ಪಂಪು ರಿಪೇರಿ ಮಾಡಿದ ಕೈ ಅದು.

"ಸಾಕು ಬಿಡೇ," ಎಂದಳು ಅತ್ತೆ.

"ಇನ್ನೊಂದ್ಸಲ, ಅತ್ತೆ."

ಅಳುತ್ತಿದ್ದ ಅತ್ತೆಗೆ ನಗು ಬಂತು. "ನಮ್ಮಣ್ಣನ ಮಗಳೇ ಸರಿ!" ಯಾವ ನಟ್ಟು ಬಿಗಿದರೂ 'ಇನ್ನೊಂದ್ಸಲ ನೋಡೋಣ' ಎನ್ನುತ್ತಿದ್ದವನಿಗೆ ಓಣಿಯಲ್ಲಿ 'ಇನ್ನೊಂದ್ಸಲ' ಎಂದೇ ಹೆಸರು ಬಿದ್ದಿತ್ತು.

ಹೊರಗೆ ಕಾರು ನಿಂತಿತು. ಅಪ್ಪ ಮೊದಲು ನೋಡಿಕೊಳ್ಳುತ್ತಿದ್ದ ವಿಮಾನದ ಮಾಲೀಕರು ದಪ್ಪ ಹೂವಿನ ಹಾರ ಹಿಡಿದು ಬಂದು, ಎಲ್ಲರಿಗೂ ಕೇಳುವಂತೆ ಹೇಳಿದರು: "ಒಳ್ಳೇ ಮನುಷ್ಯ. ತಪ್ಪು ಯಾರಿಂದಾಗಲ್ಲ ಹೇಳಿ? ನಾನಂತೂ ಆವತ್ತೇ ಕ್ಷಮಿಸಿಬಿಟ್ಟೆ."

ಬ್ರಷ್ಷು ನಿಂತಿತು.

*

ಆವತ್ತು ಅಪ್ಪ ಎಂದಿನಂತೆ ಹಾರಾಟಕ್ಕೆ ಮುಂಚಿನ ಪರೀಕ್ಷೆಗೆಂದು ವಿಮಾನದ ಟ್ಯಾಂಕಿನ ತಳದಿಂದ, ಅಳತೆಗೆರೆಗಳಿದ್ದ ಗಾಜಿನ ಸೀಸೆಗೆ ಇಂಧನ ಇಳಿಸಿದ್ದ. ತಿಳಿನೀಲಿ ಇಂಧನದಲ್ಲಿ ನೀರಿನ ಹನಿಗಳು ಮೆಲ್ಲಗೆ ತಳ ಸೇರುತ್ತಿದ್ದವು.

"ಸಾರ್, ನೀರು ಸೇರಿದೆ. ಪೂರ್ತಿ ಬಸಿಯೋಕೆ ಅರ್ಧ ಗಂಟೆ ಕೊಡಿ."

"ಹಾರೋನು ನಾನೋ ನೀನೋ?" ಮಾಲೀಕರು ಸೀಸೆಗೆ ಅಂಟಿಸಿದ್ದ ಪರೀಕ್ಷೆಯ ಚೀಟಿಗೆ ಸಹಿ ಗೀಚಿ ವಿಮಾನ ಹತ್ತಿದರು. ನೀರೆಲ್ಲ ತಳಕ್ಕಿಳಿಯಲಿ, ಇನ್ನೊಂದ್ಸಲ ನೋಡಿ ಬರೆಯೋಣವೆಂದು ಅಪ್ಪ ಚೀಟಿಯಲ್ಲಿ ನೀರಿನ ಅಳತೆಯ ಜಾಗ ಖಾಲಿ ಬಿಟ್ಟಿದ್ದ.

ನಾಲ್ಕನೇ ನಿಮಿಷಕ್ಕೆ ಎಂಜಿನ್ ನಿಂತಿತು. ಕೊಯ್ಲಾದ ಹೊಲದಲ್ಲಿ ಚಕ್ರ ಮುರಿದುಕೊಂಡು ಇಳಿದ ಮಾಲೀಕರನ್ನು ಪತ್ರಿಕೆಗಳು ಧೀರರೆಂದವು. ಅಪ್ಪ ಸೀಸೆಯ ಬಾಯಿಗೆ ಅರಗು ಸುರಿದು, ಚೀಟಿ ಮುಟ್ಟದೆ ಹಾಗೇ ವಿಚಾರಣೆಗೆ ಒಯ್ದ.

"ನಾನು ಸಹಿ ಹಾಕಿದಾಗ ನೀರೇ ಇರಲಿಲ್ಲ," ಎಂದರು ಮಾಲೀಕರು. "ಇದ್ದಿದ್ರೆ ಬರೀತಿದ್ದ. ಆಮೇಲೆ ನಲ್ಲಿ ಕೆಳಗೆ ಹಿಡಿದಿರಬೇಕು." ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅಪ್ಪನ ಕೆಲಸ ಹೋಯಿತು.

*

ಮಗಳು ಕಪಾಟಿನಿಂದ ಸೀಸೆ ತಂದಳು. ಮುಚ್ಚಳದ ಸುತ್ತ ಅಪ್ಪ ಸುರಿದ ಅರಗು ಹಾಗೇ ಇತ್ತು. ಅದನ್ನು ಜೋರಾಗಿ ಕುಲುಕಿ, ಅಪ್ಪನ ತಲೆಯ ಬಳಿ ಸ್ಟೂಲಿನ ಮೇಲಿಟ್ಟಳು.

"ಏನಮ್ಮಾ ಇದು, ಇಂಥ ಹೊತ್ತಲ್ಲಿ?"

"ಅಳತೆ ಜಾಗ ಖಾಲಿ ಇದೆ ಸಾರ್. ನಿಮ್ಮ ಸಹಿ ಮಾತ್ರ ಇದೆ. ಓದಿ ಹೇಳಿ, ಬರೀತೀನಿ."

ಮಾಲೀಕರು ಗಡಿಯಾರ ನೋಡಿಕೊಂಡರು.

"ಅರ್ಧ ಗಂಟೆ ಏನೂ ಬೇಡ ಸಾರ್. ಈಗ ಇಳಿಯುತ್ತೆ."

ಸೀಸೆಯೊಳಗಿನ ಮಬ್ಬು ತಿಳಿಯಾಗಿ ನೀರು ತಳ ಸೇರಿತು. ಮಾಲೀಕರು ಮುಖ ಬಾಗಿಲ ಕಡೆ ತಿರುಗಿಸಿದರು. ಅತ್ತೆ ಕಣ್ಣೊರೆಸಿಕೊಂಡು ಕನ್ನಡಕ ಹಾಕಿದಳು, ಬಗ್ಗಿ ನೋಡಿದಳು, ಇನ್ನೊಂದ್ಸಲ ನೋಡಿದಳು. ಆಮೇಲೆ ಗಟ್ಟಿಯಾಗಿ ಓದಿದಳು.

ಮಗಳು ಬರೆದಳು: ನೀರು, ಹದಿನೇಳು ಮಿಲಿಲೀಟರ್.