ಘಾನಾದ ಮಹಾಲಿಂಗ

ತೆರಕಣಾಂಬಿ ಹೊರಗಿನ ಪಂಪ್‌ಸೆಟ್ ಮನೆಯಲ್ಲಿ ಗೊಬ್ಬರದ ಮೂಟೆ ಮೇಲೆ ಕೂರಿಸಿ ಮಹಾಲಿಂಗನ ತಲೆ ಬೋಳಿಸುತ್ತಿದ್ದರು. ಬ್ಲೇಡು ಹಳೇದು. ನೀರೂ ಸರಿಯಾಗಿ ಹಚ್ಚಿರಲಿಲ್ಲ. ಕಿವಿಯ ಹಿಂದೆ ಕೊಯ್ದು ರಕ್ತ ಇಳಿಯಿತು. ಅವನು ಬಗ್ಗಿಕೊಂಡು ಎಡಗಾಲಿನ ಪಾದದ ಮೇಲಿನ ಹರಡಿಗೆ ಹಳೇ ಪಂಚೆಯ ಪಟ್ಟಿ ಸುತ್ತುತ್ತಿದ್ದ. ಆ ಹರಡು ಊದಿಕೊಂಡು ವರ್ಷಗಳಾಗಿವೆ. ಬೆಳಿಗ್ಗೆ ಎದ್ದರೆ ಮೊದಲು ಗೋಡೆ ಹಿಡಿದು ನಿಂತು, ಆಮೇಲೆ ನೆಲಕ್ಕೆ ಊರಬೇಕು.

"ಒಂದು ಕೂದ್ಲೂ ಇರಬಾರ್ದು ಕಣಪ್ಪ" ಅಂದ ಶಶಿಕುಮಾರ, ಬಾಗಿಲಲ್ಲಿ ನಿಂತು. "ಫ್ಲೆಕ್ಸಲ್ಲಿ ಅವ್ನು ಬೋಳ್ತಲೆ."

ಶಶಿಕುಮಾರ ಗುಂಡ್ಲುಪೇಟೆಯವನು. ಲಾರಿ ಇಟ್ಟವನು, ಲಾಡ್ಜು ಇಟ್ಟವನು. ಕೇರಳದ ಕಡೆ ಏಳೇಳು ಜನರ ಫುಟ್ಬಾಲಿಗೆ ಜನ ಟಿಕೆಟ್ ತಗೊಂಡು ಮುಗಿಬೀಳುವುದನ್ನು ನೋಡಿಬಂದು, ಇಲ್ಲೂ ಶುರು ಮಾಡಿಬಿಟ್ಟ. ಆಫ್ರಿಕಾದ ಆಟಗಾರ ಇದ್ದರೆ ಗ್ಯಾಲರಿ ತುಂಬುತ್ತೆ ಅನ್ನುವುದೂ ಅಲ್ಲೇ ಕಲಿತದ್ದು. ಈಗ ಊರಿನ ಮೂಲೆಮೂಲೆಗೂ ಅವನ ಫ್ಲೆಕ್ಸು: ಘಾನಾ ದೇಶದ ಸಿಡಿಲಮರಿ ಕ್ವಾಮೆ.

"ಮುಖ ಬೇರೆ ಅಲ್ವ ಅಣ್ಣ?" ಅಂದ ಮಹಾಲಿಂಗ.

"ಮುಖ ಯಾವನ್ಲಾ ನೋಡ್ತಾನೆ? ಅವ್ನೂ ಕಪ್ಪು, ನೀನೂ ಕಪ್ಪು. ಬಾಯೊಂದು ಬುಡಬ್ಯಾಡ. ಕನ್ನಡದಲ್ಲಿ ಅಮ್ಮಾ ಅಂದ್ರೂ ಕೆಟ್ಟೆ."

ಬೋಳಿಸುತ್ತಿದ್ದವನು ನಕ್ಕ. ಮೂಲೆಯಲ್ಲಿ ಚಾಪೆ ಮೇಲೆ ಮಲಗಿದ್ದ ನಿಜವಾದ ಕ್ವಾಮೆಗೆ ಮಾತು ಅರ್ಥವಾಗಲಿಲ್ಲ. ನಗು ಅರ್ಥವಾಯಿತು. ಮುಖ ಗೋಡೆ ಕಡೆ ಮಾಡಿಕೊಂಡ.

ಹಿಂದಿನ ವಾರ ಹರವೆಯ ಮ್ಯಾಚಿನಲ್ಲಿ ಕ್ವಾಮೆಯ ಮಂಡಿ ಹೋಯಿತು. ಬಿದ್ದಾಗ ಲಟಕ್ಕೆಂದ ಸದ್ದು ಬದಲಿ ಆಟಗಾರನಾಗಿ ಗೆರೆಯಾಚೆ ಕೂತಿದ್ದ ಮಹಾಲಿಂಗನಿಗೂ ಕೇಳಿಸಿತ್ತು. ಆಸ್ಪತ್ರೆಗೆ ಅಂತ ಕಾರು ಹತ್ತಿಸಿ, ಈ ಪಂಪ್‌ಸೆಟ್ ಮನೆಗೆ ತಂದು ಹಾಕಿದರು. ಮಂಡಿ ಈಗ ತೆಂಗಿನಕಾಯಿ ಗಾತ್ರ ಆಗಿದೆ. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದು. ಅವನ ತಾಯಿ ಅಲ್ಲಿ ಘಾನಾದಲ್ಲಿ ಹಾಸಿಗೆ ಹಿಡಿದಿದ್ದಾಳೆ. ಇವತ್ತೋ ನಾಳೆಯೋ ಅನ್ನುವ ಹಂಗಿದ್ದಾಳೆ. ತಂಗಿ ದಿನಾ ಫೋನ್ ಮಾಡಿ, ಹೊರಟೆಯಾ ಅಂತ ಕೇಳುತ್ತಾಳೆ. ಹೊರಡುವುದು ಹೇಗೆ? ಪಾಸ್‌ಪೋರ್ಟು ಶಶಿಕುಮಾರನ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬೀಗದೊಳಗಿದೆ. ಭದ್ರವಾಗಿರಲಿ ಅಂತ ಇಸ್ಕೊಂಡದ್ದಂತೆ. ಎಂಥ ಭದ್ರವೋ.

ಮಹಾಲಿಂಗ ತಲೆ ಕೊಟ್ಟದ್ದು ಅದಕ್ಕೇ. "ಇವತ್ತೊಂದು ಮ್ಯಾಚು ಕ್ವಾಮೆ ಆಗಿ ಆಡು. ಮುಗೀತಿದ್ದಂಗೆ ಪಾಸ್‌ಪೋರ್ಟು ನಿನ್ ಕೈಲಿ" ಅಂದಿದ್ದ ಶಶಿಕುಮಾರ.

"ಗೆಲ್ಲುಸ್ತೀಯಾ?" ಅಂತ ಕ್ವಾಮೆ ಮಲಯಾಳದಲ್ಲಿ ಕೇಳಿದ. ಮಲಪ್ಪುರಂ ಕಡೆ ಆಡಿ ಆಡಿ ಇಬ್ಬರಿಗೂ ಆ ಭಾಷೆ ಬರುತ್ತಿತ್ತು. ಇಬ್ಬರಿಗೂ ನೆಟ್ಟಗೆ ಬರುತ್ತಿರಲಿಲ್ಲ.

"ಗೆಲ್ಲುಸ್ತೀನೋ ಇಲ್ವೋ, ಕಳುಸ್ತೀನಿ" ಅಂದ ಮಹಾಲಿಂಗ.

ಅವನಿಗೆ ಈ ಸಂಕಟ ಹೊಸದಲ್ಲ. ಭೀಮನಬೀಡಿನ ಮಾರಯ್ಯ, ಮೂಗಮ್ಮನ ಮಗ ಅವನು. ಹೂವಿನ ಕೂಲಿ ಇಲ್ಲದ ದಿನಗಳಲ್ಲಿ ಅಪ್ಪ ಅವ್ವ ವಯನಾಡಿಗೆ ಶುಂಠಿ ಕೀಳಲು ಹೋಗುತ್ತಿದ್ದರು. ಅಲ್ಲಿ ಕೊಯ್ಲಾದ ಗದ್ದೆಯಲ್ಲಿ ಮಲಯಾಳಿ ಹುಡುಗರ ಜೊತೆ ಬರಿಗಾಲಲ್ಲಿ ಆಡಿ ಕಲಿತ. ಮಿಡ್‌ಫೀಲ್ಡರ್ ಆದ. ಹಿಂದಿನವರಿಂದ ಬಾಲ್ ಇಸ್ಕೊಂಡು ಮುಂದಿನವರಿಗೆ ಕೊಡೋನು. ಇಡೀ ಆಟ ಓಡಬೇಕು, ಗೋಲು ಹೊಡೆದವನನ್ನು ಜನ ಹೊತ್ತು ಕುಣಿಯುತ್ತಾರೆ. ಕೊಚ್ಚಿಯ ಕ್ಲಬ್ಬೊಂದು ಕರೆಯಿತು, ಅಲ್ಲಿಂದ ಮಾಲ್ಡೀವ್ಸಿನ ಕ್ಲಬ್ಬು. ದೇಶ ಬಿಟ್ಟು ದೇಶಕ್ಕೆ ಹೋದ. ಅಲ್ಲಿ ಅವನ ಹೆಸರು ಇಂಡಿಯನ್. ಚೆನ್ನಾಗೇ ಆಡಿದ. ಅಲ್ಲಿರುವಾಗಲೇ ಮಾರಯ್ಯ ತೀರಿಕೊಂಡ. ಪಾಸ್‌ಪೋರ್ಟು ಕ್ಲಬ್ಬಿನ ಬೀರುವಿನಲ್ಲಿತ್ತು. ಸೀಸನ್ ಮುಗಿಯಲಿ ಅಂದರು. ಅಪ್ಪನ ಚಿತೆಯನ್ನು ಅವನು ಫೋನಿನಲ್ಲಿ ನೋಡಿದ. ಸಿಗ್ನಲ್ ಹೋಗಿ ಹೋಗಿ ಬರುತ್ತಿತ್ತು. ಹರಡು ಹೋದ ಮೇಲೆ ಕ್ಲಬ್ಬು ಕೈಬಿಟ್ಟಿತು. ವಾಪಸ್ ಬಂದು ಮಲಪ್ಪುರಂ ಕಡೆ ಸಿಕ್ಕ ಮ್ಯಾಚು ಆಡಿದ, ಊರಿನ ಕಡೆ ಯಾರಿಗೂ ಬೇಡದವನಾಗಿದ್ದ. ಈಗ ಘಾನಾದವನಾದರೆ ಬೇಕು.

ಪಂಪ್‌ಸೆಟ್ ಮನೆಯಿಂದ ಕೂಗಳತೆಯಲ್ಲಿದ್ದ ಆಟದ ಬಯಲು ಮಹದೇವಪ್ಪನದು. ಆ ಕಡೆಯ ದೊಡ್ಡ ಜಮೀನ್ದಾರ. ಬಿದಿರು ಕಟ್ಟಿ ಗ್ಯಾಲರಿ ಮಾಡಿದ್ದರು. ಬಯಲಿಗೆ ಅಂಟಿಕೊಂಡೇ ಅವನ ಚೆಂಡುಹೂವಿನ ಹೊಲ. ಬಣ್ಣದ ಕಾರ್ಖಾನೆಗೆ ಹೋಗುವ ಹೂವು. ಮ್ಯಾಚಿದ್ದರೂ ಅಲ್ಲಿ ಕೊಯ್ಲು ನಿಂತಿರಲಿಲ್ಲ. ಟೆಂಪೋದಲ್ಲಿ ಯಾವ್ಯಾವುದೋ ಊರಿಂದ ತಂದು ಇಳಿಸಿದ ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಂಡು ಬಗ್ಗಿದ್ದರು.

ಆಟ ಶುರುವಾಗುವ ಮುಂಚೆ ಪರಿಚಯ ಆಯಿತು. ಮಹದೇವಪ್ಪ ಮಹಾಲಿಂಗನ ಕೈ ಕುಲುಕಿದ. "ವೆಲ್ಕಮ್, ವೆಲ್ಕಮ್" ಅಂದ. ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡ. ಪಕ್ಕದ ಕುರ್ಚಿಯಲ್ಲಿ ಕೂರಿಸಿ ತಾನೇ ಎಳನೀರು ಕೊಟ್ಟ. ಮಹಾಲಿಂಗ ಎಳನೀರು ಹಿಡಿದುಕೊಂಡೇ ಕೂತಿದ್ದ. ಇದೇ ಮಹದೇವಪ್ಪನ ಮನೆಯ ಹಿತ್ತಲಲ್ಲಿ ಮಹಾಲಿಂಗನ ಅಪ್ಪ ಬೊಗಸೆ ಒಡ್ಡಿ ನೀರು ಕುಡಿಯುತ್ತಿದ್ದ, ಮೇಲಿಂದ ಹುಯ್ಯುತ್ತಿದ್ದರು. ಮಾರಯ್ಯನ ಮಗ ಅಂತ ಬಂದಿದ್ದರೆ ಈ ಕುರ್ಚಿ ಸಿಗುತ್ತಿತ್ತಾ? ಕೇಳಬೇಕು ಅನ್ನಿಸಿತು. ಬಾಯಿ ಬಿಡುವ ಹಾಗಿಲ್ಲವಲ್ಲ.

ಆಟ ಶುರುವಾಯಿತು. "ಕ್ವಾಮೆ, ಕ್ವಾಮೆ" ಅಂತ ಗ್ಯಾಲರಿ ಕೂಗಿತು. ಬಿಸಿಲಿಗೆ ಬೋಳುತಲೆ ಕಾಯುತ್ತಿತ್ತು. ಹರಡು ಮೊದಲ ಓಟಕ್ಕೇ ಮಾತಾಡಿತು. ಆದರೂ ಆಡಿದ. ಕಾಲು ಹೋಗಿದ್ದರೂ ಕಣ್ಣು ಹೋಗಿರಲಿಲ್ಲ. ಬಾಲ್ ಎಲ್ಲಿ ಬೀಳುತ್ತೆ ಅಂತ ಅವನಿಗೆ ಮುಂಚೆಯೇ ತಿಳಿಯುತ್ತಿತ್ತು. ಅವನು ಕೊಟ್ಟ ಪಾಸಿನಲ್ಲೇ ಒಂದು ಗೋಲಾಯಿತು. ಶಶಿಕುಮಾರ ಕಾರಿನ ಬಾನೆಟ್ಟು ತಟ್ಟಿದ.

ಸ್ವಲ್ಪ ಹೊತ್ತಿಗೆ ಎದುರಿನವನು ಹೊಡೆದ ಬಾಲ್ ಹೋಗಿ ಹೂವಿನ ಹೊಲದಲ್ಲಿ ಬಿತ್ತು. ಹತ್ತಿರ ಇದ್ದವನು ಮಹಾಲಿಂಗ. ತರಲು ಹೋದ.

ಅಲ್ಲೇ ಅವನು ತಪ್ಪಿದ್ದು. ಬೇರೆ ಆಟಗಾರರು ನೇರ ನುಗ್ಗಿ ಗಿಡ ಮುರಿದುಕೊಂಡು ಹೋಗಿ ಬಂದಿದ್ದರು. ಇವನು ಹಾಗೆ ಮಾಡಲಿಲ್ಲ. ಮೈ ಅಡ್ಡ ತಿರುಗಿಸಿದ. ಒಂದು ಕೈಯಲ್ಲಿ ಗಿಡ ಒತ್ತರಿಸಿ, ಸಾಲಿನ ನಡುವೆ ಕಾಲ್ಬೆರಳೂರಿ, ಏಡಿ ನಡೆದಂಗೆ ನಡೆದ. ಹೂ ಕೊಯ್ಯುವವರ ಮಕ್ಕಳು ನಡೆಯುವುದೇ ಹಾಗೆ. ಗಿಡ ಮುರಿದರೆ ಮೇಸ್ತ್ರಿ ಕೂಲಿ ಹಿಡಿಯುತ್ತಾನೆ ಅಂತ ಚಿಕ್ಕಂದಿನಲ್ಲೇ ಕಾಲಿಗೆ ಕೋಲಲ್ಲಿ ತಟ್ಟಿ ಕಲಿಸಿರುತ್ತಾರೆ. ಕಲಿತ ಕಾಲಿಗೆ ತಾನೀಗ ಘಾನಾದವನು ಅನ್ನುವುದು ಗೊತ್ತಿರಲಿಲ್ಲ.

"ಅಕ್ಕೋ, ಅಲ್ನೋಡು. ಆ ಪರದೇಸದೋನು ಸಾಲು ತುಳೀದೆ ಓಯ್ತಾವ್ನೆ" ಅಂದಳು ಶಾಂತಿ ಅನ್ನುವ ಕೂಲಿ ಹೆಂಗಸು.

ಅವಳ ಪಕ್ಕದಲ್ಲಿ ಬಗ್ಗಿದ್ದವಳು ಸೊಂಟ ಹಿಡಿದುಕೊಂಡು ನಿಂತಳು. ಕಣ್ಣಿಗೆ ಕೈ ಅಡ್ಡ ಇಟ್ಟು ನೋಡಿದಳು.

"ಮಾಲಿಂಗಾ" ಅಂದಳು.

ಮೂಗಮ್ಮನ ದನಿ. ಅವ್ವ ಇವತ್ತು ಈ ಹೊಲಕ್ಕೆ ಬರುತ್ತಾಳೆ ಅಂತ ಅವನು ಕನಸಲ್ಲೂ ನೆನೆಸಿರಲಿಲ್ಲ. ಮಗ ಕೇರಳದಲ್ಲಿದ್ದಾನೆ ಅಂತಲೇ ಅವಳು ತಿಳಿದಿದ್ದಳು. ಬಾಲ್ ಎತ್ತಿಕೊಂಡ. ಕಾರಿನ ಪಕ್ಕ ಶಶಿಕುಮಾರ ಇವನನ್ನೇ ನೋಡುತ್ತಿದ್ದ. ಪಂಪ್‌ಸೆಟ್ ಮನೆಯ ಚಾಪೆ ಕಣ್ಣ ಮುಂದೆ ಬಂತು.

"ಮಾಲಿಂಗಾ, ನೀನೇನ್ಲಾ?"

ಅವನು ತಿರುಗಲಿಲ್ಲ. ಬೆನ್ನು ಹಾಕಿ ಬಯಲ ಕಡೆ ನಡೆದ. ಹಿಂದಿನಿಂದ ಅವ್ವ ಶಾಂತಿಗೆ ಹೇಳುವುದು ಕೇಳಿಸಿತು. "ಅವ್ನಲ್ಲ ಬುಡು. ನನ್ ಮಗ ಆಗಿದ್ರೆ ತಿರುಗ್ತಿದ್ದ."

ಅರ್ಧ ಆಟ ಮುಗಿಯಿತು. ಮಹಾಲಿಂಗ ನೀರು ಕೂಡ ಕುಡಿಯದೆ ಕಾರಿನ ಹತ್ತಿರ ಹೋದ. ಮೆಲ್ಲಗೆ, ಯಾರಿಗೂ ಕೇಳಿಸದ ಹಾಗೆ ಅಂದ: "ಅಣ್ಣ, ಪಾಸ್‌ಪೋರ್ಟು ಈಗ್ಲೇ ಕೊಡಿ. ಅವ್ನು ಸಂಜೆ ಬಸ್ಸಿಗೆ ಓಗ್ಲಿ."

ಶಶಿಕುಮಾರ ಅಡಕೆ ಜಗಿಯುತ್ತಿದ್ದ. "ಯಾವ್ ಪಾಸ್‌ಪೋರ್ಟ್ಲಾ? ಮುಂದಿನ ವಾರ ಚಾಮರಾಜನಗರದಲ್ಲಿ ಮ್ಯಾಚದೆ. ಫ್ಲೆಕ್ಸಿಗೆ ಕೊಟ್ಟಾಯ್ತು."

"ಇವತ್ತೊಂದೇ ಅಂದಿದ್ರಿ."

"ಅಂದಿದ್ದೆ. ಜನ ನೋಡಿದ್ಯಾ? ಅವ್ನು ಘಾನಾಕ್ಕೆ ಓಗಿ ಅಲ್ಲಿಂದ ಫೋಟೋ ಹಾಕುದ್ರೆ, ಆಮೇಲೆ ನೀನು ಯಾರ ಹೆಸ್ರಲ್ಲಿ ಆಡೀಯೆ? ಅವ್ನು ಇಲ್ಲೇ ಬಿದ್ದಿದ್ರೇನೇ ನಿನ್ ಅನ್ನ. ತಲೆ ಓಡ್ಸು."

"ಅವ್ರವ್ವ ಸಾಯ್ತಾವ್ರೆ ಅಣ್ಣ."

"ಎಲ್ರವ್ವನೂ ಸಾಯ್ತಾರೆ. ಓಗು, ವಿಸಿಲ್ ಹೊಡೆದ್ರು."

ಮಹಾಲಿಂಗನಿಗೆ ಸಿಟ್ಟು ಬರಬೇಕಿತ್ತು. ಸುಸ್ತು ಬಂತು. ಕೊಚ್ಚಿ, ಮಾಲ್ಡೀವ್ಸು, ಮಲಪ್ಪುರಂ, ಎಲ್ಲಾ ಕಡೆಯ ಸುಸ್ತೂ ಒಂದೇ ಸಲಕ್ಕೆ ಮೇಲೆ ಬಿತ್ತು. ಹೆತ್ತವಳಿಗೆ ಬೆನ್ನು ಹಾಕಿದ್ದು ಇದಕ್ಕಾ ಅನ್ನಿಸಿತು. ನಿಧಾನಕ್ಕೆ ಬಯಲ ನಡುವಿಗೆ ನಡೆದ. ರೆಫರಿ ಬಾಲ್ ಇಟ್ಟಿದ್ದ. ಮಹಾಲಿಂಗ ಅದರ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

ರೆಫರಿ ಬಂದು ಇಂಗ್ಲಿಷಿನಲ್ಲಿ ಎದ್ದೇಳು ಅಂದ.

"ಕನ್ನಡದಲ್ಲೇ ಯೋಳಿ ಸಾರ್" ಅಂದ ಮಹಾಲಿಂಗ. ಆಮೇಲೆ ದನಿ ಎತ್ತಿದ. "ನಾನು ಘಾನಾದೋನಲ್ಲ. ಭೀಮನಬೀಡು ಮಾರಯ್ಯನ ಮಗ, ಮಹಾಲಿಂಗ. ನಮ್ಮವ್ವ ಆ ಹೊಲದಲ್ಲಿ ಹೂ ಕುಯ್ತಾವ್ಳೆ. ಕ್ವಾಮೆ ಕಾಲು ಮುರ್ಕೊಂಡು ಪಂಪ್‌ಸೆಟ್ ಮನೇಲಿ ಬಿದ್ದವ್ನೆ. ಅವ್ನ ಪಾಸ್‌ಪೋರ್ಟು ಆ ಕಾರಲ್ಲದೆ. ಅದು ಬರೋಗಂಟ ನಾನು ಏಳಾಕಿಲ್ಲ."

ಗ್ಯಾಲರಿ ಬೈಯಲು ಶುರು ಮಾಡಿತು. ಮೋಸ, ದುಡ್ಡು ವಾಪಸ್ ಕೊಡ್ರಿ ಅಂದರು. ಒಂದು ನೀರಿನ ಬಾಟಲಿ ಬಂದು ಅವನ ಭುಜಕ್ಕೆ ಬಿತ್ತು. ಜನ ಅಂದರೆ ಹಾಗೇ. ಮೋಸ ಮಾಡಿದವನು ಕಾರಿನ ಹತ್ತಿರ ನಿಂತಿದ್ದರೂ ಬಾಟಲಿ ಬಿದ್ದದ್ದು ಕೂತವನಿಗೆ.

ಗೋಲ್ ಕೀಪರ್ ರಂಗರಾಜು ನಡೆದು ಬಂದ. ಬೈಯಲು ಬಂದ ಅಂದುಕೊಂಡರೆ, ಕೈಗವಸು ಬಿಚ್ಚಿ ಪಕ್ಕದಲ್ಲಿ ಕೂತ. "ನನ್ ಆಧಾರ್ ಕಾರ್ಡೂ ಅವ್ನತ್ರಾನೆ ಅದೆ" ಅಂದ. ಎದುರು ಟೀಮಿನ ಮಲಯಾಳಿ ಹುಡುಗನೂ ಬಂದು ಕೂತ. ಒಬ್ಬೊಬ್ಬರಾಗಿ ಆಟಗಾರರೆಲ್ಲ ಬಯಲ ತುಂಬ ಕೂತರು. ಆಮೇಲೆ ಬಾಟಲಿ ಬೀಳಲಿಲ್ಲ.

ಮೂಗಮ್ಮ ಬಯಲ ಸುತ್ತ ಕಟ್ಟಿದ್ದ ಹಗ್ಗ ಎತ್ತಿ ನುಸುಳಿ ಬಂದಳು. ಸೊಂಟದ ಚೀಲ ಬಿಚ್ಚಿರಲಿಲ್ಲ. ಅವಳ ಹಿಂದೆ ಕೂಲಿ ಹೆಂಗಸರು. ಬಂದು ಮಗನ ಬೋಳುತಲೆ ಮುಟ್ಟಿದಳು. ಒಣಗಿದ ರಕ್ತ ಬೆರಳಿಗೆ ಸಿಕ್ಕಿತು.

"ನಿಮ್ಮಪ್ಪ ತೀರೋದಾಗ ಬೋಳುಸ್ಕಳಕ್ಕೆ ಬರ್ನಿಲ್ಲ ನೀನು" ಅಂದಳು. "ಈಗ ಯಾರ್ಗೆ ಅಂತ ಬೋಳುಸ್ದೆ? ನಾನಿನ್ನೂ ಬದುಕಿವ್ನಿ ಕಣ್ಲಾ."

ಮಹಾಲಿಂಗನ ಕಣ್ಣು ತುಂಬಿತು. "ತಿರುಗ್ಬೇಕಿತ್ತು ಕಣವ್ವ. ತಿರುಗ್ನಿಲ್ಲ."

"ಅದುಕ್ಕೆ ಆಮೇಲೆ ಒಡೀತೀನಿ. ಆ ಕಾಲು ಮುರ್ಕೊಂಡ ಮಗ ಎಲ್ಲವ್ನೆ, ತೋರ್ಸು."

ರಂಗರಾಜು, ಮಲಯಾಳಿ ಹುಡುಗ ಇಬ್ಬರೂ ಹೋಗಿ ಕ್ವಾಮೆಯನ್ನು ಹೊತ್ತು ತಂದರು. ಅಷ್ಟರಲ್ಲಿ ಮಹಾಲಿಂಗ ಅವನ ತಾಯಿ ಹಾಸಿಗೆ ಹಿಡಿದಿರುವುದನ್ನು ಅವ್ವನಿಗೆ ಹೇಳಿದ್ದ. ಮಹದೇವಪ್ಪ ಎದ್ದು ಹೋಗಿದ್ದ ಕುರ್ಚಿಯಲ್ಲೇ ಕೂರಿಸಿದರು. ಅವನ ಮಂಡಿ ನೋಡಿ ಮುಂದಿನ ಸಾಲಿನ ಜನ ಲೊಚಗುಟ್ಟಿದರು.

ಶಶಿಕುಮಾರ ಕಾರು ಸ್ಟಾರ್ಟ್ ಮಾಡಿದ. ಮೂಗಮ್ಮ ಹೋಗಿ ಹೂವಿನ ಚೀಲ ಬಿಚ್ಚಿ ಕಾರಿನ ಮುಂದಿನ ಚಕ್ರಕ್ಕೆ ಅಡ್ಡ ಇಟ್ಟಳು. ಅದರ ಪಕ್ಕ ತಾನು ಕೂತಳು. ಶಾಂತಿ ಕೂತಳು. ಉಳಿದವರೂ ಕಾರಿನ ಸುತ್ತ ಕೂತರು.

"ಏಯ್ ಮೂಗಿ, ನಾಳೆಯಿಂದ ಟೆಂಪೋ ಹತ್ತಬ್ಯಾಡ" ಅಂದ ಕಾರಿನ ಪಕ್ಕಕ್ಕೆ ಬಂದು ನಿಂತಿದ್ದ ಮಹದೇವಪ್ಪ.

"ಆಗ್ಲಿ ಬುಡಿ ಬುದ್ದಿ. ಇವತ್ತು ಇಲ್ಲಿ ಕೂರ್ತೀನಿ."

"ಪೊಲೀಸ್ ಕರೀತೀನಿ" ಅಂದ ಶಶಿಕುಮಾರ.

"ಕರೀಯಪ್ಪ. ಆ ಬೀಗ ಅವ್ರ ಮುಂದೇನೇ ತಗಿ."

ಕ್ವಾಮೆ ಮಹಾಲಿಂಗನ ತೋಳು ಹಿಡಿದು, ನಿನ್ನ ಅಮ್ಮ ಏನನ್ನುತ್ತಿದ್ದಾಳೆ ಅಂತ ಕೇಳಿದ. ಇವನು ಹೇಳುವ ಮುಂಚೆ ಮೂಗಮ್ಮನೇ ಈ ಕಡೆ ತಿರುಗಿದಳು.

"ಅವ್ರವ್ವನ್ ಎಸ್ರೇನು, ಕೇಳ್ಲಾ."

ಕೇಳಿದ. ಕ್ವಾಮೆ ಹೇಳಿದ. "ಅಕೋಸುವ." ಮೂಗಮ್ಮ ಬಾಯಲ್ಲಿ ಅದನ್ನು ಎರಡು ಮೂರು ಸಲ ಆಡಿ ನೋಡಿ, ಪಕ್ಕದ ಶಾಂತಿಗೆ ಹೇಳಿದಳು. ಶಾಂತಿ ಅವಳ ಪಕ್ಕದವಳಿಗೆ ಹೇಳಿದಳು. ಕಾರಿನ ಇಂಜಿನ್ನು ಓಡುತ್ತಲೇ ಇತ್ತು. ಹೆಂಗಸರು ಯಾರೂ ಏಳಲಿಲ್ಲ.