ಮೂರನೇ ಸಾಲಿನ ಎಡಗಡೆ

ಮತ್ತೆ ಇಲ್ಲ, ಈ ಸಲವೂ ಇಲ್ಲ, ಬರ್ನೀಸಳ ಹುಟ್ಟು ನೀರಿಗಿಳಿಯಿತು, ಮೇಲೆದ್ದಿತು, ಹಿಂದೆ ಸುಳಿ ಇಲ್ಲ — ನನ್ನ ಹುಟ್ಟಿನ ಹಿಂದೆ ಇದೆ, ಮುಂದಿನ ಸಾಲಿನ ಇಬ್ಬರದರ ಹಿಂದೆಯೂ ಇದೆ, ಅಂಗೈಯಗಲದ್ದು, ಗಿರಗಿರ ತಿರುಗುತ್ತ ಹಿಂದಕ್ಕೆ ಹೋಗುತ್ತದೆ, ನೀರನ್ನು ನಿಜವಾಗಿ ಎಳೆದಿದ್ದರೆ ನೀರು ಅಷ್ಟು ಗುರುತು ಬಿಡಲೇಬೇಕು, ಇವಳದು ಮಾತ್ರ ಸೂಪಿನ ರುಚಿ ನೋಡಲು ಚಮಚ ಅದ್ದಿ ತೆಗೆದ ಹಾಗೆ, ತಾಳ ತಪ್ಪುವುದಿಲ್ಲ, ಬೆನ್ನು ಬಾಗುತ್ತದೆ, ಭುಜ ತಿರುಗುತ್ತದೆ, ಹಿಂದಿನಿಂದ ನೋಡಿದವರಿಗೆ ಎಲ್ಲವೂ ಸರಿಯಾಗಿದೆ, ಪಕ್ಕದಲ್ಲಿ ಕೂತವಳಿಗೆ ಮಾತ್ರ ಗೊತ್ತು, ಅಂದರೆ ನನಗೆ, ಇಪ್ಪತ್ತು ಹೆಂಗಸರಲ್ಲಿ ನನ್ನೊಬ್ಬಳಿಗೆ, ಮೂರು ವಾರದಿಂದ. ಎಳೀರಿ, ಎಳೀರಿ, ಟ್ರೂಡಿ ಹಿಂದೆ ಚುಕ್ಕಾಣಿ ಹಿಡಿದು ನಿಂತು ಕೂಗುತ್ತಿದ್ದಾಳೆ, ಶನಿವಾರ ಪಂದ್ಯ ಕಣ್ರಮ್ಮಾ, ಟೀ ಕುಡಿಯೋಕೆ ಬಂದಿಲ್ಲ, ಆಚೆ ದಡದ ಊರಿನವರು ಹೋದ ವರ್ಷ ನಮ್ಮ ಮೂಗಿನ ಮುಂದೆಯೇ ಹೋದ್ರು — ಹೋಗಲಿ ಬಿಡು ಮಾರಾಯ್ತಿ, ಹೋಗುವವರು ಹೋಗಲಿ, ಅವರೂ ನಮ್ಮ ಹಾಗೆ ಕೊಯ್ಯಿಸಿಕೊಂಡವರೇ, ನನ್ನ ಬಲತೋಳು ಊತ ತಡೆಯಲು ತೊಟ್ಟ ಬಿಗಿ ತೋಳುಚೀಲದೊಳಗೆ ಮಿಡಿಯುತ್ತಿದೆ, ಬೆರಳುಗಳು ಊದಿ ಉಂಗುರ ಕಚ್ಚುತ್ತಿದೆ, ಉಂಗುರ ಬಿಚ್ಚಿಟ್ಟು ಬರಬೇಕಿತ್ತು, ಮರೆತೆ, ಈಚೆಗೆ ಎಲ್ಲವನ್ನೂ ಮರೆಯುತ್ತೇನೆ, ಇವಳ ಹುಟ್ಟನ್ನು ನೋಡುವುದೊಂದನ್ನು ಬಿಟ್ಟು.

ಹನ್ನೊಂದು ವರ್ಷ ಈ ಹಲಗೆಯ ಮೇಲೆ ಕೂತಿದ್ದೇವೆ, ಅವಳು ಎಡಕ್ಕೆ, ನಾನು ಬಲಕ್ಕೆ, ತೆಗೆದದ್ದೂ ಹಾಗೆಯೇ, ಅವಳದು ಎಡದ ಮೊಲೆ, ನನ್ನದು ಬಲದ್ದು, ಇಬ್ಬರೂ ಅಂಟಿಕೊಂಡು ಕೂತ್ರೆ ಮಧ್ಯದಲ್ಲಿ ಸರಿಯಾಗಿ ಒಂದು ಜೊತೆ ಇದೆ ಕಣೇ ಗ್ಲೆಂಡಾ, ಯಾರೂ ಲೆಕ್ಕ ತಪ್ಪು ಅನ್ನೋ ಹಾಗಿಲ್ಲ, ಮೊದಲ ದಿನವೇ ಅಂದಿದ್ದಳು, ನಾನು ನಕ್ಕಿದ್ದೆ, ಒಂದು ವರ್ಷದಲ್ಲಿ ಮೊದಲ ಸಲ. ಅದಕ್ಕೂ ಮೊದಲು ನನ್ನ ತಲೆ ಬೋಳಿಸಿದವಳೂ ಇವಳೇ, ಊರಿನ ಅರ್ಧ ಜನರ ಕೂದಲು ಕತ್ತರಿಸಿದವಳು, ಅಂಗಡಿಯ ಪರದೆ ಎಳೆದು, ಒಳ್ಳೇ ಮೊಟ್ಟೆ ಹಾಗಿದೆಯಲ್ಲೇ ತಲೆ, ಇಷ್ಟು ದಿನ ಯಾಕೆ ಮುಚ್ಚಿಟ್ಟಿದ್ದೆ, ನನಗೂ ಹೀಗೇ ಆಗಿತ್ತು, ಕೂದಲು ಬರುತ್ತೆ, ಬುದ್ಧಿ ಬರುತ್ತೋ ಇಲ್ವೋ ಗೊತ್ತಿಲ್ಲ, ದೋಣಿಗೆ ಬಾ. ದೋಣಿಗೆ ಹೇಗೆ ಬರಲಿ, ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆದ ಮೇಲೆ ತೋಳು ಊದೀತೆಂದು ಅಂಗಡಿಯಲ್ಲಿ ಹಾಲಿನ ಚೀಲ ಎತ್ತಲೂ ಹೆದರುತ್ತಿದ್ದೆ, ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದ ತೋಳು, ಹಿಮದಲ್ಲಿ ಹೂತ ಬಸ್ಸನ್ನು ಹಿಂದೆ ಮುಂದೆ ಆಡಿಸಿ ಮೇಲೆತ್ತಿದ ತೋಳು, ಹಾಲಿಗೆ ಹೆದರಿತ್ತು. ಚರ್ಚಿನ ನೆಲಮಾಳಿಗೆಯಲ್ಲಿ ಸೇರುವ ಕ್ಯಾನ್ಸರಿನವರ ಗುಂಪಿಗೆ ಹೋಗುತ್ತಿದ್ದೆ ಆಗ, ಸುತ್ತ ಕುರ್ಚಿಗಳು, ನಡುವೆ ಟಿಶ್ಯೂ ಡಬ್ಬ, ನಿಮಗೆ ಈಗ ಹೇಗನ್ನಿಸ್ತಿದೆ ಗ್ಲೆಂಡಾ, ನಿಧಾನವಾಗಿ ಹೇಳಿ, ಅವಸರ ಇಲ್ಲ — ಸುಸ್ತಾಗ್ತಿದೆ ಅಂದಿದ್ದೆ, ಬೇರೇನೂ ಇಲ್ಲ, ಸುಸ್ತು, ಗುಂಪು ನಡೆಸುವ ಹುಡುಗಿ ತಲೆಯಾಡಿಸಿ ಬರೆದುಕೊಂಡಿದ್ದಳು. ದೋಣಿಯಲ್ಲಿ ಯಾರೂ ಏನೂ ಕೇಳಲಿಲ್ಲ. ಹುಟ್ಟು ತಲೆಕೆಳಗಾಗಿ ಹಿಡಿದಿದ್ದೀಯಲ್ಲೇ ದಡ್ಡಿ ಅಂತ ಟ್ರೂಡಿ ಬೈದಳು, ಒಂದು ವರ್ಷದಿಂದ ಯಾರೂ ನನ್ನನ್ನು ಬೈದಿರಲಿಲ್ಲ, ಎಷ್ಟು ಹಿತವಾಗಿತ್ತು.

ಬೈಯೋದನ್ನೇ ಬಿಟ್ಟಿದ್ದಾರೆ ಕಣೇ ನನ್ನನ್ನ — ಇದು ಲೊರೇನ್ ಹೇಳಿದ್ದು, ನಮ್ಮ ಮುಂದಿನ ಸಾಲಿನ ಲೊರೇನ್, ಅವಳಿಗೆ ಕಾಯಿಲೆ ಮರಳಿ ಬಂತು, ಲಿವರಿಗೆ, ಬಂದದ್ದನ್ನು ಬಾಯಿಬಿಟ್ಟು ಹೇಳಿದಳು, ಎಲ್ಲರೂ ತಬ್ಬಿಕೊಂಡೆವು, ಮರುವಾರ ದಡದ ಮೇಲೆ ಮಡಚುವ ಕುರ್ಚಿ, ಗುಲಾಬಿ ಹೊದಿಕೆ, ಡಬ್ಬದಲ್ಲಿ ಬೆಣ್ಣೆಯ ಸಿಹಿ ಟಾರ್ಟು, ಅಲ್ಲೇ ಕೂತು ನಮಗೆ ಕೈಬೀಸಮ್ಮಾ, ಚಿಕಿತ್ಸೆಯಲ್ಲಿರೋರನ್ನ ದೋಣಿ ಹತ್ತಿಸೋ ಹಾಗಿಲ್ಲ, ನಿಯಮ, ನಿನ್ನ ಒಳ್ಳೇದಕ್ಕೇ. ಅವಳ ಹತ್ತಿರ ಹೋದರೆ ಎಲ್ಲರ ದನಿಯೂ ತಗ್ಗುತ್ತಿತ್ತು, ಮಗು ಮಲಗಿದ ಕೋಣೆಗೆ ಹೋದವರ ಹಾಗೆ, ನನ್ನದೂ ತಗ್ಗುತ್ತಿತ್ತು, ಬೇಡ ಬೇಡ ಅಂದುಕೊಂಡು ಹೋದರೂ ತಗ್ಗುತ್ತಿತ್ತು. ಬದುಕಿದ್ದಾಗಲೇ ನನಗೆ ಫೋಟೋ ಚೌಕಟ್ಟು ಹಾಕಿದ್ರಲ್ಲೇ ಅಂದಿದ್ದಳು. ಸೆಪ್ಟೆಂಬರಿನಲ್ಲಿ ಹೋದಳು. ಮಣ್ಣು ಮಾಡಿದ ದಿನ ಚರ್ಚಿನ ಹೊರಗೆ ಬರ್ನೀಸ್ ನನ್ನ ತೋಳು ಹಿಡಿದು, ನೋಯುವ ತೋಳನ್ನೇ, ಎಲ್ಲಾದ್ರೂ ಕೂರಿಸು, ಆ ಕುರ್ಚೀಲಿ ಮಾತ್ರ ನನ್ನನ್ನ ಕೂರಿಸಬೇಡ, ಬೀಸಣಿಗೆ ಹಾಗೆ ಕೈ ಆಡಿಸ್ತಾ ಸಾಯೋದು ನನಗೆ ಬೇಡ, ಕೇಳಿಸ್ತೇನೇ. ಕೇಳಿಸಿತ್ತು. ಮೂರು ವಾರದ ಹಿಂದೆ ಅವಳು ದೋಣಿಗೆ ಹತ್ತುವಾಗ ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡಳು, ನಿಂತಳು, ನಕ್ಕಳು, ವಯಸ್ಸಾಯ್ತು ಕಣೇ ಅಂದಳು, ಆ ನಗು ನನಗೆ ಗೊತ್ತು, ಗಿರಾಕಿಗಳಿಗೆ ಈ ಕತ್ತರಿಕೆ ನಿಮಗೆ ತುಂಬಾ ಒಪ್ಪುತ್ತೆ ಅನ್ನುವಾಗಿನ ನಗು, ಆಮೇಲೆ ಹುಟ್ಟು ಹಾಕಿದಳು, ಹಿಂದೆ ಸುಳಿ ಇರಲಿಲ್ಲ. ಕೇಳಲಿಲ್ಲ ನಾನು. ಕೇಳಿದರೆ ಅವಳು ಹೇಳಬೇಕಾಗುತ್ತದೆ, ಹೇಳಿದರೆ ನಾನು ಟ್ರೂಡಿಗೆ ಹೇಳಬೇಕಾಗುತ್ತದೆ, ಟ್ರೂಡಿ ದೋಣಿಮನೆಯಿಂದ ಕುರ್ಚಿ ತರುತ್ತಾಳೆ. ಅದಕ್ಕೇ ಅವಳ ಪಾಲನ್ನೂ ನಾನೇ ಎಳೆಯುತ್ತೇನೆ ಅಂದುಕೊಂಡೆ, ಯಾರಿಗೂ ಭಾರ ತಿಳಿಯಬಾರದು, ಹಲ್ಲು ಕಚ್ಚಿ ಎಳೆದೆ, ಮನೆಗೆ ಹೋಗಿ ತೋಳನ್ನು ದಿಂಬಿನ ಮೇಲೆ ಎತ್ತಿಟ್ಟು ಮಲಗಿದೆ, ಮತ್ತೆ ಬಂದು ಎಳೆದೆ, ಎಷ್ಟು ದಣಿದಿದ್ದೇನೆ ಅಂದರೆ ನಿನ್ನೆ ಹಲ್ಲುಜ್ಜುವ ಬ್ರಷ್ಷನ್ನು ಎಡಗೈಯಲ್ಲಿ ಹಿಡಿದೆ, ಎಂಥ ಪೆದ್ದಿ ನಾನು, ಬಲಗಡೆ ಕೂತು ಹೆಚ್ಚು ಎಳೆದರೆ ಏನಾಗುತ್ತದೆ ಅಂತ ಹನ್ನೊಂದು ವರ್ಷದಲ್ಲಿ ಗೊತ್ತಾಗಬೇಡವೇ, ನಾನು ಎಳೆದಷ್ಟೂ ದೋಣಿ ಎಡಕ್ಕೆ ತಿರುಗುತ್ತದೆ, ನೇರ ಅವಳ ಕಡೆಗೇ, ಬೆರಳು ಮಾಡಿ ತೋರಿಸಿದ ಹಾಗೆ.

ನಿಲ್ಲಿಸಿ, ನಿಲ್ಲಿಸಿ — ಟ್ರೂಡಿ. ಇಪ್ಪತ್ತು ಹುಟ್ಟುಗಳೂ ಮೇಲೆದ್ದವು, ನೀರು ತೊಟ್ಟಿಕ್ಕುತ್ತಿದೆ, ಯಾರೋ ಕೆಮ್ಮುತ್ತಿದ್ದಾರೆ, ಎಡಗಡೆಯ ನೀರೆಲ್ಲ ಸಂಜೆಬಿಸಿಲಿಗೆ ಹೊಳೆದು ಕಣ್ಣು ಬಿಡಲಾಗುತ್ತಿಲ್ಲ, ಒಳ್ಳೆಯದಾಯಿತು, ಟ್ರೂಡಿಗೂ ಕಾಣುವುದಿಲ್ಲ. ಅರ್ಧ ಗಂಟೆಯಿಂದ ದೋಣಿ ಮೂತಿ ಎಡಕ್ಕೇ ಹೋಗ್ತಿದೆ, ನನ್ನ ಕೈ ಬಿದ್ದುಹೋಗ್ತಿದೆ ಚುಕ್ಕಾಣಿ ತಿರುಗಿಸಿ ತಿರುಗಿಸಿ, ಮೂರನೇ ಸಾಲಿನ ಹತ್ತಿರ ಏನೋ ಆಗ್ತಿದೆ, ಬರ್ನಿ, ನೀನು ಎಳೀತಿದ್ದೀಯೋ ಇಲ್ಲ ಮೀನಿಗೆ ತಲೆ ಬಾಚ್ತಿದ್ದೀಯೋ — ಎಲ್ಲರೂ ನಕ್ಕರು, ಬರ್ನೀಸಳ ತೊಡೆ ನನ್ನ ತೊಡೆಗೆ ತಾಗಿತ್ತು, ಕಲ್ಲಾಯಿತು — ನಾನು, ಅಂದೆ, ನನ್ನ ಬಾಯಿಂದಲೇ ಬಂತು, ನಾನೇ ಟ್ರೂಡಿ, ಜಾಸ್ತಿ ಎಳೀತಿದ್ದೀನಿ, ಗೆಲ್ಲಬೇಕು ಅಂತ ಹುಚ್ಚು ಬಂದಿದೆ. ಅರುವತ್ತಾರನೇ ವಯಸ್ಸಿಗೆ ಯಾರಿಗೆ ತೋರಿಸೋಕಮ್ಮಾ ಈ ಪೌರುಷ, ಎಲ್ಲಿ, ತೋಳು ಎತ್ತು ನೋಡೋಣ, ಅಯ್ಯೋ ದೇವರೇ, ಬ್ರೆಡ್ಡಿನ ಹಿಟ್ಟು ಉಬ್ಬಿದ ಹಾಗೆ ಊದಿದೆಯಲ್ಲ, ಇದನ್ನ ಇಟ್ಕೊಂಡು ಇಷ್ಟು ದಿನ ಹೇಳ್ಲಿಲ್ವಾ, ಶನಿವಾರ ನೀನು ಹತ್ತಬೇಡ, ಹೊಸ ಹುಡುಗಿ ಕ್ಯಾಂಡೇಸನ್ನ ನಿನ್ನ ಜಾಗದಲ್ಲಿ ಕೂರಿಸ್ತೀನಿ — ಆಮೇಲೆ ಅವಳ ದನಿ ತಗ್ಗಿತು, ಕೇಳಿಸಿತು ನನಗೆ, ತಗ್ಗಿದ್ದು — ದಡದಲ್ಲಿ ನಿನಗೊಂದು ಕುರ್ಚಿ ಹಾಕಿಸ್ತೀನಿ ಗ್ಲೆಂಡಾ, ಆಯ್ತಾ, ಆರಾಮಾಗಿ ಕೂತು ನೋಡು. ಆಯ್ತು ಅಂದೆ. ಬರ್ನೀಸ್ ಹುಟ್ಟಿನ ಹಿಡಿಯ ಮೇಲಿನ ನೀರು ಒರೆಸಿಕೊಂಡಳು. ಸಿಟ್ಟು ಬಂತು ನನಗೆ, ಹೇಳಿಬಿಡುತ್ತೇನೆ, ಈಗಲೇ ಹೇಳಿಬಿಡುತ್ತೇನೆ, ಹನ್ನೊಂದು ವರ್ಷದ ಸ್ನೇಹಕ್ಕೆ ಒಂದು ಮಾತಿಲ್ಲ ಇವಳ ಬಾಯಲ್ಲಿ, ನನ್ನ ಜಾಗ ಹೋಯಿತು, ಶನಿವಾರಕ್ಕಾಗಿಯೇ ಚಳಿಗಾಲವಿಡೀ ಕಾದಿದ್ದೆ ನಾನು, ಬೇರೆ ಏನಿದೆ ನನಗೆ ಈ ಊರಲ್ಲಿ — ಸಿಟ್ಟು ಮಾಡಿಕೊಳ್ಳುವುದಕ್ಕೂ ಶಕ್ತಿ ಬೇಕು.

ವಾಪಸ್ ಹೋಗೋಣ, ನಿಧಾನಕ್ಕೆ, ಹುಟ್ಟು ತಯಾರು, ಟ್ರೂಡಿ ಕೂಗಿದಳು — ಎಷ್ಟು ದಿನದಿಂದ ಗೊತ್ತು ನಿನಗೆ, ಬರ್ನೀಸ್ ಕೇಳಿದಳು, ಮುಂದೆ ನೋಡುತ್ತಲೇ, ತುಟಿ ಅಲ್ಲಾಡದ ಹಾಗೆ. ಮೂರು ವಾರ, ಅಂದೆ. ಒಂದು ಮಾತು ಕೇಳ್ಲಿಲ್ಲ. ನೀನೂ ಹೇಳ್ಲಿಲ್ಲ. ಸೊಂಟದ ಮೂಳೇಲಿದೆ ಕಣೇ, ಬೆನ್ನಿಗೂ ಹೋಗಿದೆ, ಸೋಮವಾರದಿಂದ ಆಸ್ಪತ್ರೆ, ಶನಿವಾರ ಒಂದು ದಾಟಿಸಿಬಿಡೋಣ ಅಂತಿದ್ದೆ. ದಾಟಿಸು, ಅಂದೆ, ನಾನು ಬಾಯಿ ಬಿಡಲ್ಲ. ನಿನ್ನ ಜಾಗದಲ್ಲಿ ಆ ಹುಡುಗಿ ಕೂರೋದನ್ನ ನೋಡ್ಕೊಂಡು ದಾಟಬೇಕಾ ನಾನು, ತಲೆ ಕೆಟ್ಟಿದ್ಯಾ ನಿನಗೆ, ಇಳಿದ ಕೂಡಲೇ ಟ್ರೂಡಿಗೆ ನಾನೇ ಹೇಳ್ತೀನಿ, ಎರಡು ದಿನ ತೋಳು ಎತ್ತಿಟ್ಕೊಂಡು ಮಲಗು, ಊತ ಇಳಿಯುತ್ತೆ, ಶನಿವಾರ ನಿನ್ನ ಜಾಗದಲ್ಲಿ ನೀನೇ ಕೂರಬೇಕು. ಬರ್ನಿ. ಸುಮ್ನಿರೇ, ಅಳಬೇಡ, ಅತ್ರೆ ನೀರಿಗೆ ತಳ್ತೀನಿ, ಇಲ್ಲಿಂದ ದಡದ ತನಕ ನೀನು ಎಳೀಬೇಡ, ಸುಮ್ನೆ ಅದ್ದಿ ತೆಗಿ, ನನ್ನ ಹಾಗೆ, ಕಲಿತಿದ್ದೀಯಲ್ಲ ನೋಡಿ ನೋಡಿ. ಅವಳು ಮುಂದಕ್ಕೆ ಬಾಗಿದಳು, ಪೂರ್ತಿ, ಹಳೆಯ ಕಾಲದ ಹಾಗೆ, ಹುಟ್ಟನ್ನು ಅದರ ಕುತ್ತಿಗೆಯವರೆಗೆ ನೀರಿಗೆ ಇಳಿಸಿದಳು, ಎಳೆದಳು, ಗಂಟಲಿನಿಂದ ಸಣ್ಣ ಸದ್ದೊಂದು ಬಂತು, ನನಗಷ್ಟೇ ಕೇಳಿಸುವಂಥದ್ದು, ಬೇಡ ಕಣೇ, ಸಾಕು ಕಣೇ, ಅಂದೆ, ಮತ್ತೆ ಬಾಗಿದಳು, ಎಳೆದಳು, ನಾನು ಸುಮ್ಮನೆ ಅದ್ದಿ ತೆಗೆಯುತ್ತಿದ್ದೇನೆ, ನನ್ನ ಕಡೆಯ ನೀರು ನುಣ್ಣಗಿದೆ, ಹಿಂದಿನಿಂದ ಟ್ರೂಡಿ, ಈಗೇನಮ್ಮಾ ಬಲಕ್ಕೆ ಹೋಗ್ತಿದೆ ಮೂತಿ, ಹುಚ್ಚು ಹಿಡಿಸ್ತೀರಲ್ಲೇ ನನಗೆ — ಹೌದು, ಬಲಕ್ಕೆ, ನನ್ನ ಕಡೆಗೆ, ಅವಳು ಎಳೆಯುತ್ತಿದ್ದಾಳೆ, ದೋಣಿ ನನ್ನ ಕಡೆಗೆ ತಿರುಗುತ್ತಿದೆ, ಅವಳ ಹುಟ್ಟಿನ ಹಿಂದೆ ಸುಳಿ, ಅಂಗೈಗಿಂತ ದೊಡ್ಡದು, ಕಪ್ಪು, ನಡುವೆ ಆಳವಾದ ತೂತು, ತಿರುಗುತ್ತ ಹಿಂದಕ್ಕೆ ಹೋಗುತ್ತಿದೆ, ಕತ್ತು ತಿರುಗಿಸಿ ನೋಡುತ್ತಿದ್ದೇನೆ, ಮುಚ್ಚಿಲ್ಲ, ಇನ್ನೂ ತಿರುಗುತ್ತಿದೆ, ಇನ್ನೂ, ಸುಳಿ