ಟ್ಯಾಂಕಿನ ಬಾಯಿಗೆ ಮೂಗು

ಸೊಸೆಯ ಮೂಗನ್ನು ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ಅದಕ್ಕೆ ಕಾರಣವೂ ಇತ್ತು. ಮದುವೆಯಾದ ಹತ್ತು ವರ್ಷದಲ್ಲಿ ಅವಳು ಮೂರು ಸಲ ಅಡುಗೆಮನೆಯ ಗ್ಯಾಸ್ ಸೋರುತ್ತಿದೆ ಎಂದು ಗ್ಯಾಸಿನವನನ್ನು ಕರೆಸಿದ್ದಳು. ಮೂರು ಸಲವೂ ಅವನು ಪೈಪಿಗೆ ಸೋಪಿನ ನೊರೆ ಹಚ್ಚಿ, ಒಂದು ಗುಳ್ಳೆಯೂ ಏಳದ್ದನ್ನು ತೋರಿಸಿ, ಟೀ ಕುಡಿದು ಹೋಗಿದ್ದ. ಕೊನೆಯ ಸಲ ಚಪ್ಪಲಿ ಮೆಟ್ಟಿಕೊಳ್ಳುತ್ತ, ಟೀಗೇ ಕರೆಯುವುದಾದರೆ ಹಾಗೇ ಹೇಳಿ, ಚೀಲ ತರುವುದಿಲ್ಲ ಎಂದಿದ್ದ. ಅವಳ ಗಂಡನಿಗೆ ಇದು ವರ್ಷಗಟ್ಟಲೆ ಸಾಕಾಗುವಷ್ಟು ಸರಕಾಯಿತು. ಹಗ್ಗ ಕಂಡು ಹಾವು ಅನ್ನುವವರನ್ನು ನೋಡಿದ್ದೇನೆ, ಹಗ್ಗದ ವಾಸನೆಗೇ ಹಾವು ಅನ್ನುವವಳು ಇವಳೊಬ್ಬಳೇ ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದ. ಇನ್ನು ಮೇಲೆ ವಾಸನೆಯ ಸುದ್ದಿ ಎತ್ತುವುದಿಲ್ಲ ಎಂದು ಅವಳು ಮಾತು ಕೊಟ್ಟಿದ್ದಳು.

ಆದ್ದರಿಂದ ಮೆಟ್ಟಿಲ ಬುಡದಲ್ಲಿ ಪೆಟ್ರೋಲ್ ವಾಸನೆ ಬರತೊಡಗಿದಾಗ ಅವಳು ಒಂದು ವಾರ ಬಾಯಿ ಬಿಡಲಿಲ್ಲ.

ಮೆಟ್ಟಿಲ ಪಕ್ಕದ ಷೆಡ್ಡಿನಲ್ಲಿ ಮಾವನ ಕಾರು ನಿಂತಿರುತ್ತಿತ್ತು. ಅವಳಿಗಿಂತ ಹಿರಿಯ ಕಾರು ಅದು. ಹಸಿರು ಬಣ್ಣ, ಮುಂದೆ ಎರಡು ಗುಂಡು ದೀಪ. ಮೊಮ್ಮಗಳು ಅದಕ್ಕೆ ‘ಕಪ್ಪೆ’ ಎಂದು ಹೆಸರಿಟ್ಟಿದ್ದಳು. ಬಸ್ ಡಿಪೋದ ಉಗ್ರಾಣದಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾಗಿದ್ದ ಮಾವ ಪ್ರತಿದಿನ ಬೆಳಿಗ್ಗೆ ಮೊಮ್ಮಗಳನ್ನು ಅದರಲ್ಲೇ ಶಾಲೆಗೆ ಬಿಡುತ್ತಿದ್ದರು. ಇಡೀ ದಿನದಲ್ಲಿ ಅವರ ಪಾಲಿನ ಕೆಲಸವೆಂದರೆ ಅದೊಂದೇ. ಅದಕ್ಕಾಗಿ ಐದು ಗಂಟೆಗೇ ಎದ್ದು ಗಾಜು ಒರೆಸುತ್ತಿದ್ದರು. ಷೆಡ್ಡಿನ ನೇರ ಮೇಲಿನ ಕೋಣೆಯಲ್ಲಿ ಮೊಮ್ಮಗಳು ಮಲಗುತ್ತಿದ್ದಳು.

ಎಂಟನೆಯ ದಿನ ಸೊಸೆ ಬೂಟಿನ ಡಬ್ಬಿಯ ರಟ್ಟನ್ನು ಬಿಡಿಸಿ ಕಾರಿನ ಹಿಂಭಾಗದ ಕೆಳಗೆ ತಳ್ಳಿ ಬಂದಳು. ಮರುದಿನ ಅದರ ಮೇಲೆ ಲೋಟದ ತಳದಷ್ಟು ಅಗಲದ ಕಲೆ ಇತ್ತು. ಅವಳು ಏನನ್ನೂ ಹೇಳದೆ ಅದನ್ನು ತಂದು ಗಂಡನ ತಟ್ಟೆಯ ಪಕ್ಕದಲ್ಲಿಟ್ಟಳು. ಅವನು ಬಗ್ಗಿ ಮೂಸಿದ, ಇನ್ನೊಮ್ಮೆ ಮೂಸಿದ, ಆಮೇಲೆ ಅಪ್ಪನನ್ನು ಕರೆದ.

ರಟ್ಟು ನೋಡುತ್ತಲೇ ಮಾವನ ಕೈ ಜೇಬಿಗೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಜೇಬಿನಲ್ಲಿದ್ದದ್ದು ಬಟ್ಟೆ ಸೋಪಿನ ತುಂಡು. ಟ್ಯಾಂಕಿನ ಕೆಳ ಅಂಚಿನ ಬೆಸುಗೆ ಎರಡು ತಿಂಗಳಿಂದ ಜಿನುಗುತ್ತಿತ್ತಂತೆ. ಪೆಟ್ರೋಲಿಗೆ ಸೋಪು ಕರಗುವುದಿಲ್ಲ, ತಿಕ್ಕಿದರೆ ಬಿರುಕು ಮುಚ್ಚಿಕೊಳ್ಳುತ್ತದೆ, ಡಿಪೋದಲ್ಲಿ ದಾರಿ ಮಧ್ಯೆ ಕೆಟ್ಟ ಗಾಡಿಗಳನ್ನು ಹಾಗೇ ಮನೆ ಸೇರಿಸುತ್ತಿದ್ದೆವು ಎಂದು ಅವರು ವಿವರಿಸಿದರು. ಅದು ಸುಳ್ಳೇನಲ್ಲ; ಆದರೆ ಒಂದು ರಾತ್ರಿಯ ಉಪಾಯವನ್ನು ಅವರು ಅರವತ್ತು ದಿನ ನಡೆಸಿದ್ದರು.

“ಸೋಪು ಹಿಡಿದಿದೆ ಅಂದ್ಕೊಂಡಿದ್ದೆ,” ಎಂದರು. “ವಾಸನೆ ಏನೂ ಬರ್ತಿರಲಿಲ್ವಲ್ಲ.”

ಮೆಟ್ಟಿಲು ಹತ್ತುವಾಗಲೆಲ್ಲ ವಾಸನೆ ಮುಖಕ್ಕೆ ಹೊಡೆಯುತ್ತಿತ್ತು. ಸೊಸೆ ಆ ಮಾತನ್ನು ಮನಸ್ಸಿನಲ್ಲಿ ಒಂದು ಕಡೆ ಎತ್ತಿಟ್ಟುಕೊಂಡಳು, ಕಿತ್ತು ಬಿದ್ದ ಗುಂಡಿಯನ್ನು ಡಬ್ಬಿಗೆ ಹಾಕಿಡುವ ಹಾಗೆ. ಅದು ಯಾವ ಅಂಗಿಯದೆಂದು ಆಗ ಗೊತ್ತಿರಲಿಲ್ಲ.

ಟ್ಯಾಂಕು ಸರಿಹೋಗುವವರೆಗೆ ಕಪ್ಪೆ ಕದಲುವ ಹಾಗಿಲ್ಲ, ಮಗಳು ಬಸ್ಸಿನಲ್ಲಿ ಹೋಗಲಿ ಎಂದು ತೀರ್ಮಾನವಾಯಿತು. ಅಷ್ಟು ಹಳೆಯ ಕಾರಿಗೆ ಹೊಸ ಟ್ಯಾಂಕು ಎಲ್ಲೂ ಸಿಗದು. ಇದ್ದದ್ದನ್ನೇ ಬೆಸೆಯಬೇಕು. ಆ ಕೆಲಸಕ್ಕೆ ಊರಿನಲ್ಲಿ ಉಳಿದಿದ್ದವನು ಒಬ್ಬನೇ, ರೈಲು ಹಳಿಯ ಆಚೆಯ ರೇಡಿಯೇಟರಣ್ಣ. ರೇಡಿಯೇಟರ್ ರಿಪೇರಿ ಮಾಡಿ ಮಾಡಿ ಅವನ ಸ್ವಂತ ಹೆಸರು ಅವನ ಬೋರ್ಡಿನಿಂದಲೂ ಅಳಿಸಿಹೋಗಿತ್ತು.

ಭಾನುವಾರ ಅಪ್ಪ ಮಗ ಸೇರಿ ಟ್ಯಾಂಕು ಇಳಿಸಿದರು. ಮೊದಲು ಕಾರನ್ನು ಅಂಗಳಕ್ಕೆ ತಳ್ಳಿ ಬ್ಯಾಟರಿಯ ತಂತಿ ಬಿಚ್ಚಿದರು, ಉಳಿದ ಪೆಟ್ರೋಲನ್ನು ಡಬ್ಬಿಗೆ ಇಳಿಸಿದರು. ಆಮೇಲೆ ಗಂಡ ಜ್ಯಾಕಿನಿಂದ ಎತ್ತಿದ ಕಾರಿನ ಕೆಳಗೆ ತೂರಿ, ಟ್ಯಾಂಕನ್ನು ಎತ್ತಿಹಿಡಿದಿದ್ದ ಎರಡು ಕಬ್ಬಿಣದ ಪಟ್ಟಿಗಳನ್ನು ಸಡಿಲಿಸಿದ. ಸೊಸೆ ಮರಳಿನ ಬಕೆಟ್ಟು ಹಿಡಿದು ಎರಡು ಗಂಟೆ ನಿಂತಳು. ಯಾರೂ ನಗಲಿಲ್ಲ, ರಟ್ಟಿನ ಮರ್ಯಾದೆ ಇನ್ನೂ ಉಳಿದಿತ್ತು.

ಬಿಸಿನೀರಿಗೆ ಒಗೆಯುವ ಸೋಡಾ ಹಾಕಿ ಮೂರು ಸಲ ಕುಲುಕಿ ತೊಳೆಯಬೇಕು, ಬಾಯಿ ಕೆಳಗೆ ಮಾಡಿ ಎರಡು ದಿನ ಬಿಸಿಲಿಗಿಡಬೇಕು ಎಂದು ರೇಡಿಯೇಟರಣ್ಣ ಫೋನಿನಲ್ಲಿ ಹೇಳಿದ್ದ. ಮಾವ ಅದನ್ನು ಯಾರ ಕೈಗೂ ಬಿಡದೆ ತಾವೇ ಮಾಡಿದರು. ಮಂಗಳವಾರ ಸಂಜೆ ಟ್ಯಾಂಕಿನ ಬಾಯಿಗೆ ಧೂಳು ಹೋಗದಂತೆ ಪ್ಲಾಸ್ಟಿಕ್ ಕಟ್ಟಿ ಸಾಮಾನಿನ ಗಾಡಿಯಲ್ಲಿ ಕಳಿಸಿದರು. ಬುಧವಾರ ಗಂಡನಿಗೆ ರಜೆ ಸಿಗದ ಕಾರಣ ಮಾವನ ಜೊತೆ ಸೊಸೆ ಹೋದಳು.

ಅಂಗಡಿ ಉದ್ದಕ್ಕೆ ಒಂದು ಬಸ್ಸಿನಷ್ಟಿತ್ತು. ಗೋಡೆಗೆ ಒರಗಿಸಿದ ರೇಡಿಯೇಟರುಗಳು, ನೀರಿನ ತೊಟ್ಟಿ, ಆಸಿಡ್ ತಿಂದು ತೂತಾದ ಮೇಜು. ನೆಲವನ್ನು ಮಾತ್ರ ಗುಡಿಸಿ ಚೊಕ್ಕವಾಗಿಟ್ಟಿದ್ದರು. ರೇಡಿಯೇಟರಣ್ಣ ಟ್ಯಾಂಕನ್ನು ಮೇಜಿನ ಮೇಲೆ ಮಲಗಿಸಿ ಬೆಸುಗೆಯ ಗೆರೆಯನ್ನು ಬ್ರಷ್ಷಿನಿಂದ ಉಜ್ಜಿ ಬೆಳ್ಳಗೆ ಮಾಡಿದ್ದ. ಬಾಯಿಯ ಪ್ಲಾಸ್ಟಿಕ್ ಬಿಚ್ಚಿ ಪಕ್ಕಕ್ಕೆ ಸರಿದು ನಿಂತ.

“ಬನ್ನಿ ಯಜಮಾನ್ರೇ, ನೋಡಿ,” ಎಂದ. “ಇಪ್ಪತ್ತು ವರ್ಷದ ಆಸಿಡ್ ಹೊಗೆಗೆ ನನ್ನ ಮೂಗು ಸತ್ತುಹೋಗಿದೆ. ಅದಕ್ಕೇ ನಮ್ಮಂಗಡೀಲಿ ಇದೊಂದು ಪದ್ಧತಿ. ನಿಮ್ಮ ಟ್ಯಾಂಕು, ನಿಮ್ಮ ಮೂಗು. ಬೆಂಕಿ ಮಾತ್ರ ನಂದು.”

ಮಾವ ಕನ್ನಡಕ ತೆಗೆದು ಜೇಬಿಗಿಟ್ಟು, ಬಗ್ಗಿ, ಎರಡು ಸಲ ದೀರ್ಘವಾಗಿ ಉಸಿರೆಳೆದರು.

“ಏನೂ ಇಲ್ಲ. ಹಚ್ಚಿ.”

ಸೊಸೆ ನಾಲ್ಕು ಹೆಜ್ಜೆ ದೂರದಲ್ಲಿ ಬಾಗಿಲ ಹತ್ತಿರ ನಿಂತಿದ್ದಳು. ವಾಸನೆ ಅವಳವರೆಗೂ ಬಂತು.

ಅಂಗಡಿಯದೇ ಇರಬಹುದು ಎಂದುಕೊಂಡಳು. ಅಂಥ ಜಾಗದಲ್ಲಿ ಪೆಟ್ರೋಲ್ ನಾರದೆ ಮಲ್ಲಿಗೆ ನಾರುತ್ತದೆಯೇ? ಸುತ್ತ ನೋಡಿದಳು. ಡಬ್ಬಿ ಇಲ್ಲ, ಒದ್ದೆ ಬಟ್ಟೆ ಇಲ್ಲ. ಗ್ಯಾಸಿನವನು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದದ್ದು ಕಣ್ಣ ಮುಂದೆ ಬಂತು. ಮಾವ ಮೂಗಿಟ್ಟು ನೋಡಿ ಇಲ್ಲ ಎಂದಿದ್ದಾರೆ. ಡಿಪೋದಲ್ಲಿ ಮೂವತ್ತೆರಡು ವರ್ಷ. ರೇಡಿಯೇಟರಣ್ಣ ಒಂದು ಕೈಯಲ್ಲಿ ಗ್ಯಾಸ್ ಟಾರ್ಚು, ಇನ್ನೊಂದರಲ್ಲಿ ಲೈಟರು ಎತ್ತಿಕೊಂಡ.

ಹೋದ ತಿಂಗಳು ಅಡುಗೆಮನೆಯಲ್ಲಿ ಹಾಲು ಉಕ್ಕಿ, ಬತ್ತಿ, ತಳ ಹತ್ತಿ ಮನೆಯೆಲ್ಲ ಕಮಟು ನಾತ ತುಂಬಿತ್ತು. ಮಾವ ಒಲೆಗೆ ಬೆನ್ನು ಹಾಕಿ ಅಲ್ಲೇ ಪೇಪರ್ ಓದುತ್ತ ಕೂತಿದ್ದರು. ವಾಸನೆ ಏನೂ ಬರ್ತಿರಲಿಲ್ವಲ್ಲ. ಡಬ್ಬಿಗೆ ಹಾಕಿಟ್ಟ ಗುಂಡಿ ಯಾವ ಅಂಗಿಯದೆಂದು ಅವಳಿಗೆ ಈಗ ತಿಳಿಯಿತು. ಅವರು ಸುಳ್ಳು ಹೇಳಿರಲಿಲ್ಲ. ಅವರಿಗೆ ಬರುತ್ತಲೇ ಇರಲಿಲ್ಲ.

“ಅಣ್ಣಾ, ಹಚ್ಚಬೇಡಿ. ವಾಸನೆ ಇದೆ.”

ಲೈಟರಿನ ಮೇಲಿನ ಹೆಬ್ಬೆರಳು ಹಾಗೇ ನಿಂತಿತು. ಮಾವ ನಕ್ಕರು. ನಮ್ಮ ಸೊಸೆಗೆ ಹೊಸ ಬಟ್ಟೆಯಲ್ಲೂ ಹೊಗೆ ವಾಸನೆ ಬರುತ್ತದೆ, ಮೂಗು ತೂರಿಸದ ಜಾಗವಿಲ್ಲ, ನೀವು ಹಚ್ಚಿ ಎಂದರು. ಅವಳು ಬಾಗಿಲು ಬಿಟ್ಟು ಬಂದು ಟ್ಯಾಂಕಿನ ಬಾಯಿಯ ಮೇಲೆ ಅಂಗೈ ಇಟ್ಟಳು.

ರೇಡಿಯೇಟರಣ್ಣ ಟಾರ್ಚನ್ನು ಕೆಳಗಿಟ್ಟ.

“ಇಬ್ಬರು ಎರಡು ಹೇಳಿದ್ರೆ ನಾನು ಇದೆ ಅಂದವರ ಮಾತೇ ಕೇಳೋನು ಯಜಮಾನ್ರೇ. ಇದೆ ಅಂದವರು ತಪ್ಪಿದ್ರೆ ನಂಗೆ ಅರ್ಧ ದಿನ ಹಾಳು. ಇಲ್ಲ ಅಂದವರು ತಪ್ಪಿದ್ರೆ ನಾನೇ ಇರಲ್ಲ.”

ಅವನು ಟ್ಯಾಂಕನ್ನು ಹಿತ್ತಲಿಗೆ ಹೊತ್ತು, ಪೈಪು ಬಿಟ್ಟು ಬಾಯಿಯವರೆಗೆ ನೀರು ತುಂಬಿಸಿದ. ನೀರು ಅಂಚಿಗೆ ಬಂದಾಗ ಅದರ ಮೇಲೆ ಬಣ್ಣಬಣ್ಣದ ತೆಳು ಪೊರೆ ತೇಲಿತು, ಒಂದೆರಡು ಚಮಚದಷ್ಟು. ಹಳೆ ಬಟ್ಟೆಯ ಚೂರಿಗೆ ಅದನ್ನು ಹೀರಿಸಿ, ಉದ್ದ ತಂತಿಗೆ ಸಿಕ್ಕಿಸಿ, ಕಾಂಪೌಂಡಿನ ಮೂಲೆಗೆ ಹೋಗಿ ಕಡ್ಡಿ ಗೀರಿದ. ಭಗ್ ಎಂದು ಹತ್ತಿಕೊಂಡಿತು. ಬಟ್ಟೆ ಬೂದಿಯಾಗುವವರೆಗೆ ಮೂವರೂ ನೋಡಿದರು.

ಮೂರು ಸಲ ತೊಳೆದಿದ್ದೆ ಎಂದು ಮಾವ ಮೆಲ್ಲಗೆ ಹೇಳಿದರು. ಸ್ವಲ್ಪ ಹೊತ್ತಿನ ಮೇಲೆ ಉಳಿದದ್ದೂ ಬಂತು. ಎರಡು ದಿನ ಒಣಗಿಸಿದರೂ ಒಳಗೆ ಎಲ್ಲೋ ತೇವ ಉಳಿದಿದೆ, ತುಕ್ಕು ಹಿಡಿಯುತ್ತದೆ ಎಂಬ ಹೆದರಿಕೆಗೆ, ಕಳಿಸುವ ಮೊದಲು ಅರ್ಧ ಲೀಟರ್ ಪೆಟ್ರೋಲ್ ಹಾಕಿ ಕುಲುಕಿ ಚೆಲ್ಲಿದ್ದರು. ಡಿಪೋದಲ್ಲಿ ಬಿಡಿಭಾಗಗಳನ್ನು ನೀರಿನಲ್ಲಿ ತೊಳೆದ ಮೇಲೆ ಹಾಗೇ ಮಾಡುತ್ತಿದ್ದರಂತೆ. ಮೂಗಿಗಿಂತ ಮೂಗುತಿ ಭಾರವಾಯ್ತು ನೋಡಿ, ಎಂದ ರೇಡಿಯೇಟರಣ್ಣ. ಬಿಡಿಭಾಗ ಗಾಳಿಗೆ ಆರುತ್ತದೆ, ಬಾಯಿ ಕಟ್ಟಿದ ಟ್ಯಾಂಕಿನೊಳಗೆ ಆವಿ ಹಾಗೇ ನಿಲ್ಲುತ್ತದೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಕೆಟ್ಟದ್ದು. ಅಷ್ಟು ಹೇಳಿ ತಲೆ ಎತ್ತಿದ. “ಆದ್ರೆ ಬಗ್ಗಿ ನೋಡಿದ್ರಲ್ಲ ನೀವು?”

ಮಾವ ಜೇಬಿನಿಂದ ಕನ್ನಡಕ ತೆಗೆದು ಒರೆಸತೊಡಗಿದರು.

“ಮಾವನಿಗೆ ನೆಗಡಿ,” ಎಂದಳು ಸೊಸೆ.

ಅವರು ಒರೆಸುವುದನ್ನು ನಿಲ್ಲಿಸಿ ಅವಳನ್ನೇ ನೋಡಿದರು.

“ನೆಗಡಿ ಅಲ್ಲಮ್ಮ. ಎರಡು ವರ್ಷ ಆಯ್ತು, ನಂಗೆ ಯಾವ ವಾಸನೇನೂ ಗೊತ್ತಾಗ್ತಿಲ್ಲ. ಹೇಳಿದ್ರೆ ಮಗೂನ ಕಾರಲ್ಲಿ ಕಳಿಸಲ್ಲ ಅಂತೀರಿ ಅಂತ ಸುಮ್ಮನಿದ್ದೆ.”

ಅವರು ಹೇಳಿದ್ದು ನಿಜವೇ. ಗೊತ್ತಾಗಿದ್ದರೆ ಅವಳು ಕಳಿಸುತ್ತಿರಲಿಲ್ಲ. ರೇಡಿಯೇಟರಣ್ಣ ಮಾವನ ಹೆಗಲು ತಟ್ಟಿದ. “ಸರಿ ಬಿಡಿ, ನಾವಿಬ್ಬರೂ ಒಂದೇ ಸಂಘದವರಾದ್ವಿ. ಅಧ್ಯಕ್ಷ ನಾನೇ, ಹೇಳಿಬಿಟ್ಟಿರ್ತೀನಿ.” ಮಾವನಿಗೆ ಅರ್ಧ ನಗು ಬಂತು.

ಟ್ಯಾಂಕನ್ನು ಈ ಸಲ ಅವನ ಕಣ್ಣೆದುರೇ ಸೋಡಾ ನೀರಿನಿಂದ ತೊಳೆದು, ಬಾಯಿ ತೆರೆದೇ ಬಿಸಿಲಿಗಿಟ್ಟರು. ಶುಕ್ರವಾರ ಮತ್ತೆ ಹೋದಾಗ ಅವನು ಮಾವನ ಕಡೆ ತಿರುಗಲೂ ಇಲ್ಲ. ಸೊಸೆಗೆ ದಾರಿ ಬಿಟ್ಟ. ಅವಳು ಬಗ್ಗಿದಳು. ತಗಡಿನ ವಾಸನೆ, ಸೋಡಾದ ವಾಸನೆ. ಇದೆ ಎನ್ನುವುದು ಅವಳಿಗೆ ರೂಢಿಯಾಗಿತ್ತು. ತಪ್ಪಿದರೆ ನಗೆಪಾಟಲು, ಅಷ್ಟೇ. ಇಲ್ಲ ಎಂದು ಹೇಳಿ ಆ ಮಾತಿನ ಮೇಲೆ ಒಬ್ಬನಿಗೆ ಬೆಂಕಿ ಹಚ್ಚಲು ಬಿಟ್ಟದ್ದು ಈವರೆಗೆ ಇರಲಿಲ್ಲ. ಹೊರಗೆ ಹೋಗಿ ಗಾಳಿ ಕುಡಿದು ಬಂದು ಮತ್ತೆ ಮೂಸಿದಳು. ಮೂರನೆಯ ಸಲವೂ ಮೂಸಿದಳು. ಯಾರೂ ಅವಸರಿಸಲಿಲ್ಲ.

“ಇಲ್ಲ,” ಎಂದಳು.

ಅವನು ಬಿರುಕು ಮೇಲೆ ಬರುವಂತೆ ಟ್ಯಾಂಕನ್ನು ಹೊರಳಿಸಿ, ಆವಿಗೆ ಜಾಗ ಉಳಿಯದಂತೆ ಬಿರುಕಿನ ಕೆಳಗಿನವರೆಗೆ ನೀರು ನಿಲ್ಲಿಸಿ, ಟಾರ್ಚು ಹಚ್ಚಿದ. ನೀಲಿ ಜ್ವಾಲೆ ಗೆರೆಯ ಉದ್ದಕ್ಕೂ ನಡೆಯಿತು. ಅದರ ಹಿಂದೆಯೇ ಬೆಸುಗೆ ಕರಗಿ ಹೊಳೆಯುತ್ತ ಸಂದಿಯೊಳಗೆ ಇಳಿಯಿತು. ಅವಳು ಕಣ್ಣು ಮುಚ್ಚದೆ ನೋಡಿದಳು. ಮಾವ ಅವಳ ಪಕ್ಕದಲ್ಲೇ, ಬೇರೆ ದಿನವಾದರೆ ನಿಲ್ಲುತ್ತಿದ್ದುದಕ್ಕಿಂತ ಸ್ವಲ್ಪ ಹತ್ತಿರ ನಿಂತಿದ್ದರು.

ಸೋಮವಾರ ಬೆಳಿಗ್ಗೆ ಮಗಳು ಚೀಲ ಹೆಗಲಿಗೇರಿಸಿ ಕಪ್ಪೆಯ ಮುಂದಿನ ಸೀಟಿನಲ್ಲಿ ಕೂತಿದ್ದಳು. ಮಾವ ಕೀಲಿ ಹಾಕಿದ್ದರು, ತಿರುಗಿಸಿರಲಿಲ್ಲ.

“ತಾತ, ಗಂಟೆ ಹೊಡೆದುಬಿಡುತ್ತೆ.”

“ತಡಿ. ನಿಮ್ಮಮ್ಮ ಬರಲಿ.”

ಸೊಸೆ ಒದ್ದೆ ಕೈ ಒರೆಸಿಕೊಳ್ಳುತ್ತ ಮೆಟ್ಟಿಲಿಳಿದು ಬಂದಳು. ಹಿಂದೆ ಹೋಗಿ ಮಂಡಿಯೂರಿ ಮೂಸಿದಳು. ಕೆಳಗಿದ್ದ ರಟ್ಟನ್ನು ಎಳೆದು ನೋಡಿದಳು, ಒಣಗಿತ್ತು. ಅದನ್ನು ಮತ್ತೆ ಅದೇ ಜಾಗಕ್ಕೆ ತಳ್ಳಿ ಎದ್ದಳು.

“ಇಲ್ಲ ಮಾವ. ಹೊರಡಿ.”

ಮಾವ ಕೀಲಿ ತಿರುಗಿಸಿದರು.